ರೀಲಿನ ವೇಗ: ಅಳಿವೆಗೆ ಎಷ್ಟು ಬೇಕು, ಬಂಡೆಗೆ ಎಷ್ಟು ಬೇಕು?

ಕಾರವಾರದಿಂದ ಭಟ್ಕಳದವರೆಗೆ ಗಾಳದ ಹುಚ್ಚು ಹತ್ತಿಸಿಕೊಂಡವರು ಸ್ಪಿನ್ನಿಂಗ್ ರೀಲ್ (ಗಾಳದ ಕೋಲಿಗೆ ಕಟ್ಟುವ, ದಾರ ಸುತ್ತುವ ಯಂತ್ರ) ಕೊಳ್ಳುವ ಮುಂಚೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. 5.2:1 ತಗೊಳ್ಳಲಾ, 6.2:1 ತಗೊಳ್ಳಲಾ? ಅಂಗಡಿಯಲ್ಲಿ ಕೇಳಿದರೆ ದೊಡ್ಡ ಸಂಖ್ಯೆಯ ಡಬ್ಬಿಯೇ ಮುಂದೆ ಬರುತ್ತದೆ. ಸ್ಪೀಡ್ ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ ಅಂತ ಅನ್ನಿಸುವುದೂ ಸಹಜ. ಆದರೆ ಕಾಳಿ ಅಳಿವೆಯ ಕಾಂಡ್ಲಾ ಗಿಡಗಳ ಬುಡದಲ್ಲಿ ಕುರುಡೆ ಮೀನಿಗೆ ಕಾಯುವವರಿಗೆ ಒಂದು ಲೆಕ್ಕ, ಗೋಕರ್ಣದ ಬಂಡೆ ಮೇಲಿಂದ ಜಿಗ್ (ಲೋಹದ ಭಾರದ ಕೃತಕ ತಿನಿಸು) ಬೀಸುವವರಿಗೆ ಇನ್ನೊಂದು ಲೆಕ್ಕ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡಬ್ಬಿ ಮೇಲಿನ ಗೇರ್ ಅನುಪಾತ ನೋಡಿ ರೀಲ್ ಆರಿಸಬೇಡಿ. ಹ್ಯಾಂಡಲ್ ಒಂದು ಸುತ್ತು ತಿರುಗಿದರೆ ಎಷ್ಟು ಸೆಂಟಿಮೀಟರ್ ಲೈನ್, ಅಂದರೆ ದಾರ, ಒಳಗೆ ಬರುತ್ತದೆ ಅಂತ ನೋಡಿ. ಆಮೇಲೆ ನೀವು ನಿಲ್ಲುವ ಜಾಗದ ನೀರು ಹೇಗೆ ಹರಿಯುತ್ತದೆ ಅಂತ ನೋಡಿ. ಇವೆರಡು ತಿಳಿದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯಿತು.

ಸಂಖ್ಯೆ ಹೇಳುವುದೇನು, ಹೇಳದಿರುವುದೇನು

6.2:1 ಅಂದರೆ ಹ್ಯಾಂಡಲ್ ಒಂದು ಸುತ್ತು ತಿರುಗಿದಾಗ ರೋಟರ್, ಅಂದರೆ ಲೈನ್ ಸುತ್ತುವ ಭಾಗ, 6.2 ಸುತ್ತು ತಿರುಗುತ್ತದೆ. ಅಷ್ಟೇ. ಪ್ರತಿ ಸುತ್ತಿಗೆ ಎಷ್ಟು ಲೈನ್ ಬಂತು ಅನ್ನುವುದು ಲೈನ್ ಸುತ್ತಿಕೊಳ್ಳುವ ಉರುಳೆಯ, ಅಂದರೆ ಸ್ಪೂಲಿನ, ದಪ್ಪದ ಮೇಲೆ ನಿಂತಿದೆ. ದೊಡ್ಡ ಸ್ಪೂಲಿಗೆ ಒಂದು ಸುತ್ತು ಅಂದರೆ ಉದ್ದದ ಸುತ್ತು, ಚಿಕ್ಕದಕ್ಕೆ ಗಿಡ್ಡ ಸುತ್ತು.

ಪೆನ್ ಕಂಪನಿಯ ಬ್ಯಾಟಲ್ 3 ಸರಣಿ ನೋಡಿ. ರೀಲಿನ ಗಾತ್ರ ಹೇಳುವ ಸಂಖ್ಯೆ 2500, 3000, 4000, ಈ ಮೂರೂ ಸೈಜಿಗೆ ಅನುಪಾತ 6.2:1. ಆದರೆ ಒಂದು ಸುತ್ತಿಗೆ ಬರುವ ಲೈನ್ ಸುಮಾರು 84, 89, 94 ಸೆಂ.ಮೀ. ಅದೇ ಸರಣಿಯ 8000ದ ಅನುಪಾತ 5.3:1. ಕಾಗದದ ಮೇಲೆ ಅದು ನಿಧಾನದ ರೀಲ್. ಆದರೆ ಒಂದು ಸುತ್ತಿಗೆ ಸುಮಾರು 112 ಸೆಂ.ಮೀ. ಎಳೆದುಕೊಳ್ಳುತ್ತದೆ! ಕಂಪನಿ ಬದಲಾದರೆ ಗೊಂದಲ ಇನ್ನೂ ಜಾಸ್ತಿ. ಡೈವಾ ಬಿಜಿ 4000ದ್ದು 5.7:1, ಬರುವ ಲೈನ್ ಸುಮಾರು 101 ಸೆಂ.ಮೀ. ಪೆನ್‌ನ 6.2:1 ಇರುವ 4000ಕ್ಕಿಂತ ಜಾಸ್ತಿ. 4000 ಅಂತ ಎರಡರ ಮೇಲೂ ಬರೆದಿದ್ದರೂ ಎರಡರ ಸ್ಪೂಲ್ ಒಂದೇ ಅಳತೆಯದಲ್ಲ.

ಸ್ಪೂಲ್ ತುಂಬದೇ ಇದ್ದರೂ ವೇಗ ಹೋಗುತ್ತದೆ. ಲೈನ್ ತುಂಬಿದಾಗ ಸ್ಪೂಲಿನ ಅಡ್ಡಳತೆ 5 ಸೆಂ.ಮೀ. ಅಂದುಕೊಳ್ಳಿ. ಸುತ್ತಳತೆ ಸುಮಾರು 15.7 ಸೆಂ.ಮೀ. 6.2ರಿಂದ ಗುಣಿಸಿದರೆ 97 ಸೆಂ.ಮೀ. ಲೈನ್ ಕಡಿಮೆ ಸುತ್ತಿದ್ದೀರಿ, ಅಥವಾ ದೂರ ಬೀಸಿದ್ದೀರಿ, ಅಡ್ಡಳತೆ 4 ಸೆಂ.ಮೀ.ಗೆ ಇಳಿದಿದೆ ಅಂದರೆ ಅದೇ ರೀಲ್ ಸುತ್ತಿಗೆ 78 ಸೆಂ.ಮೀ. ಮಾತ್ರ ತರುತ್ತದೆ. ಐದನೇ ಒಂದು ಭಾಗ ವೇಗ ಸುಮ್ನೆ ಹೋಯಿತು. ಹಾಗಾಗಿ ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಬಿಟ್ಟು ಉಳಿದಷ್ಟೂ ತುಂಬಿಸಿ. ಬ್ರೇಡ್ (ಹೆಣೆದ ಲೈನ್) ದುಬಾರಿ ಅನ್ನಿಸಿದರೆ ಅಡಿಯಲ್ಲಿ ಸಾದಾ ತಂಗೂಸಿ ಸುತ್ತಿ, ಮೇಲೆ 150 ಮೀಟರ್ ಬ್ರೇಡ್ ಹಾಕಿದರೂ ಸಾಕು.

ವೇಗಕ್ಕೆ ಕೈ ಕೊಡುವ ಬೆಲೆ

ಸೈಕಲ್ ಗೇರ್ ಗೊತ್ತಿರುವವರಿಗೆ ಇದು ಹೊಸದಲ್ಲ. ವೇಗದ ಗೇರಿನಲ್ಲಿ ಏರು ಹತ್ತುವುದು ಕಷ್ಟ. ರೀಲಿನಲ್ಲೂ ಸುತ್ತಿಗೆ ಜಾಸ್ತಿ ಲೈನ್ ಬಂದಷ್ಟೂ ಹ್ಯಾಂಡಲ್ ಭಾರ.

ಎಷ್ಟು ಭಾರ ಅಂತ ಲೆಕ್ಕ ಹಾಕಿಯೇ ನೋಡೋಣ. ಮೀನು 5 ಕೆ.ಜಿ. ಬಲದಿಂದ ಲೈನ್ ಎಳೆಯುತ್ತಿದೆ. ನಿಮ್ಮ ಹ್ಯಾಂಡಲಿನ ಉದ್ದ, ಅಂದರೆ ನಡುವಿನ ಅಚ್ಚಿನಿಂದ ಗುಬ್ಬಿಯವರೆಗೆ (ಬೆರಳಲ್ಲಿ ಹಿಡಿಯುವ ಹಿಡಿ), 6 ಸೆಂ.ಮೀ. ಒಂದು ಸುತ್ತು ತಿರುಗಿಸಿದರೆ ನಿಮ್ಮ ಕೈ ಸುಮಾರು 38 ಸೆಂ.ಮೀ. ದಾರಿ ಸವೆಸುತ್ತದೆ. ಅಷ್ಟರಲ್ಲಿ ಲೈನ್ 94 ಸೆಂ.ಮೀ. ಬರಬೇಕು. ಹಾಗಾದರೆ ಗುಬ್ಬಿ ಮೇಲೆ ನೀವು ಹಾಕಬೇಕಾದ ಬಲ ಸುಮಾರು 12.5 ಕೆ.ಜಿ. ಒಳಗಿನ ಗೇರಿನ ತಿಕ್ಕಾಟ ಇದಕ್ಕೆ ಸೇರಿಲ್ಲ. ಸುತ್ತಿಗೆ 75 ಸೆಂ.ಮೀ. ತರುವ ರೀಲಾದರೆ ಅದೇ ಕೆಲಸಕ್ಕೆ 10 ಕೆ.ಜಿ. ಸಾಕು.

ಈ ಲೆಕ್ಕದಲ್ಲಿ ಎರಡು ಪಾಠ ಇವೆ. ಒಂದು, ದೊಡ್ಡ ಮೀನನ್ನು ಹ್ಯಾಂಡಲ್ ತಿರುಗಿಸಿ ಎಳೆಯುವುದಲ್ಲ. ರಾಡ್ (ಗಾಳದ ಕೋಲು) ಎತ್ತಿ ಮೀನನ್ನು ಹತ್ತಿರ ತರಬೇಕು, ರಾಡ್ ಇಳಿಸುವಾಗ ಸಡಿಲಾದ ಲೈನ್ ಸುತ್ತಿಕೊಳ್ಳಬೇಕು. ಇದು ರೂಢಿಯಾದವರಿಗೆ ವೇಗದ ರೀಲಿನ ಭಾರ ಅಷ್ಟಾಗಿ ಕಾಡುವುದಿಲ್ಲ. ಉಲ್ಟಾ, ರಾಡ್ ಇಳಿಸುವ ಆ ಒಂದು ಕ್ಷಣದಲ್ಲಿ ವೇಗವೇ ಕೈಹಿಡಿಯುತ್ತದೆ. ಎರಡು, ಹ್ಯಾಂಡಲ್ ಉದ್ದವಾದರೆ ಭಾರ ಇಳಿಯುತ್ತದೆ. 94 ಸೆಂ.ಮೀ. ರೀಲಿಗೆ 8 ಸೆಂ.ಮೀ. ಹ್ಯಾಂಡಲ್ ಇದ್ದರೆ 12.5 ಕೆ.ಜಿ. ಹೋಗಿ 9.4 ಕೆ.ಜಿ. ಆಗುತ್ತದೆ. ನಿಧಾನದ ರೀಲಿಗಿಂತಲೂ ಹಗುರ. ವೇಗದ ರೀಲ್ ಕೊಳ್ಳುವವರು ಹ್ಯಾಂಡಲ್ ಉದ್ದ ಮತ್ತು ಗುಬ್ಬಿಯ ಗಾತ್ರ ನೋಡದೇ ದುಡ್ಡು ಕೊಡಬಾರದು.

ನಮ್ಮ ನೀರು ನಿಂತ ನೀರಲ್ಲ

ರೀಲಿನ ವೇಗದ ಬಗ್ಗೆ ಸಿಗುವ ಸಲಹೆಗಳಲ್ಲಿ ಎಷ್ಟೋ ಕೆರೆ, ಜಲಾಶಯದಲ್ಲಿ ಹಿಡಿಯುವವರಿಗೆ ಬರೆದವು. ಅಲ್ಲಿ ಲೂರ್ (ಕೃತಕ ತಿನಿಸು) ಎಷ್ಟು ವೇಗದಲ್ಲಿ ಬರಬೇಕು ಅನ್ನುವುದೊಂದೇ ಪ್ರಶ್ನೆ. ನಮ್ಮಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕೂ ಅಳಿವೆಗಳಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಬಂದರೆ ಸೆಳೆತ ಇನ್ನೂ ಜೋರು. ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿ ಭರತ ಇಳಿತ ನೋಡಿಕೊಂಡರೆ ಆಯಿತು. ಕಾಳಿಗೆ ಕದ್ರಾ, ಶರಾವತಿಗೆ ಗೇರುಸೊಪ್ಪ ಇದೆ. ಮೇಲಿಂದ ನೀರು ಬಿಟ್ಟ ದಿನ ಇಳಿತದ ಸೆಳೆತಕ್ಕೆ ಅದೂ ಸೇರಿಕೊಳ್ಳುತ್ತದೆ.

ಈಗ ನೀರು ಬರುವ ದಿಕ್ಕಿಗೇ ಲೂರ್ ಎಸೆದಿದ್ದೀರಿ ಅಂದುಕೊಳ್ಳಿ. ಮೀನು ಪ್ರವಾಹಕ್ಕೆ ಮುಖ ಮಾಡಿ ನಿಲ್ಲುತ್ತದೆ, ತಿನಿಸು ಮೇಲಿಂದ ತೇಲಿ ಬರಲಿ ಅಂತ ಕಾಯುತ್ತದೆ. ಹಾಗಾಗಿ ಆ ದಿಕ್ಕಿಗೆ ಎಸೆಯುವುದೇ ಸರಿ. ಆದರೆ ನೀರು ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತಿದ್ದರೆ ಲೂರ್ ತಾನಾಗಿಯೇ ಅಷ್ಟೇ ವೇಗದಲ್ಲಿ ನಿಮ್ಮ ಕಡೆ ಬರುತ್ತದೆ. ಲೈನ್ ಸಡಿಲವಾಗದಂತೆ ನೋಡಿಕೊಳ್ಳುವುದಕ್ಕೇ ಸುತ್ತಿಗೆ 75 ಸೆಂ.ಮೀ. ತರುವ ರೀಲನ್ನು ನಿಮಿಷಕ್ಕೆ 80 ಸುತ್ತು ತಿರುಗಿಸಬೇಕು. 100 ಸೆಂ.ಮೀ. ರೀಲಾದರೆ 60 ಸುತ್ತು. ಇಷ್ಟಾದ ಮೇಲೂ ಲೂರ್ ಇನ್ನೂ ಈಜಿಲ್ಲ, ಸುಮ್ಮನೆ ತೇಲಿದೆ. ಅದಕ್ಕೆ ಜೀವ ಬರಬೇಕಾದರೆ ಇನ್ನಷ್ಟು ಸುತ್ತಬೇಕು. ಲೈನ್ ಸಡಿಲ ಇದ್ದಾಗ ಕುರುಡೆ ಬಾಯಿ ಹಾಕಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಉಗುಳಿ ಹೋಗಿರುತ್ತದೆ.

ಸೆಳೆತ ಇರುವ ಅಳಿವೆ ಬಾಯಲ್ಲಿ ನಿಧಾನವಾಗಿ ಲೂರ್ ಆಡಿಸಲಿಕ್ಕೂ ವೇಗದ ರೀಲ್ ಬೇಕು ಅನ್ನುವುದು ಈ ಕಾರಣಕ್ಕೆ. ಒಳಗಿನ ಕೋಡಿಗಳಲ್ಲಿ, ಗಜನಿ ಗದ್ದೆಯ (ಉಪ್ಪುನೀರು ನುಗ್ಗುವ ಗದ್ದೆ) ಅಂಚಿನಲ್ಲಿ ನೀರು ಮೆಲ್ಲಗಿರುತ್ತದೆ. ಅಲ್ಲಿ ಈ ಮಾತು ಅನ್ವಯಿಸುವುದಿಲ್ಲ.

ಮೂರು ಬಗೆಯ ರೀಲ್, ಒಂದೊಂದಾಗಿ

ಶಿಮಾನೊ ರೀಲಿನ ಹೆಸರಿನ ಕೊನೆಗೆ ಪಿಜಿ ಅಂತಿದ್ದರೆ ನಿಧಾನ ಮತ್ತು ಬಲದ ಗೇರ್, ಎಚ್‌ಜಿ ಅಂದರೆ ವೇಗ, ಎಕ್ಸ್‌ಜಿ ಅಂದರೆ ಇನ್ನೂ ವೇಗ. ಡೈವಾದವರು ಪಿ, ಎಚ್, ಎಕ್ಸ್‌ಎಚ್ ಅಂತ ಬರೆಯುತ್ತಾರೆ. ಏನೂ ಬರೆದಿಲ್ಲದಿದ್ದರೆ ಸಾಮಾನ್ಯವಾಗಿ ನಡುವಿನದು. ಕೆಳಗೆ ಹೇಳುವ ಸೆಂ.ಮೀ. ಲೆಕ್ಕ 3000ದಿಂದ 4000 ಸೈಜಿನ ರೀಲುಗಳದು. ಕರಾವಳಿಯಲ್ಲಿ ಲೂರ್ ಹಾಕುವ ಹೆಚ್ಚಿನವರಿಗೆ ಬೇಕಾಗುವುದು ಆ ಸೈಜೇ.

ಮೊದಲು ನಿಧಾನದ್ದು. ಅನುಪಾತ 5ಕ್ಕಿಂತ ಕಡಿಮೆ, ಸುತ್ತಿಗೆ 70-75 ಸೆಂ.ಮೀ. ಆಸುಪಾಸು. ಆಳಕ್ಕೆ ಮುಳುಗುವ, ನೀರಿನಲ್ಲಿ ಜೋರಾಗಿ ಎಳೆಯುವ ಲೂರ್‌ಗೆ ಇದು ಸುಖ. ಇಡೀ ಬೆಳಿಗ್ಗೆ ಬೀಸಿ ಎಳೆದರೂ ಮಣಿಕಟ್ಟು ನೋಯುವುದಿಲ್ಲ. ದೋಣಿಯಿಂದ ನೇರ ಕೆಳಗೆ ಜಿಗ್ ಬಿಟ್ಟು ಆಡಿಸುವವರಿಗೂ ಇದು ಹೊಂದುತ್ತದೆ. ದಡಕ್ಕೆ ಹತ್ತಿರದ ನೀರು 20-30 ಮೀಟರ್ ಆಳವೂ ಇರುವುದಿಲ್ಲ. ಅಲ್ಲಿ ವೇಗದ ರೀಲ್ ಜಿಗ್ಗನ್ನು ಪ್ರತಿ ಸುತ್ತಿಗೂ ಒಂದು ಮೀಟರ್ ಮೇಲೆತ್ತಿಬಿಡುತ್ತದೆ, ಮೀನು ಇರುವ ಪದರದಿಂದ ಜಿಗ್ ಬೇಗ ಹೊರಬಂದುಬಿಡುತ್ತದೆ. ನಿಧಾನದ್ದರಲ್ಲಿ ಅದೇ ಆಳದಲ್ಲಿ ಜಾಸ್ತಿ ಹೊತ್ತು ಆಡಿಸಬಹುದು. ಆದರೆ ದಡದಿಂದ ಹಿಡಿಯುವವರಿಗೆ ಮೊದಲ ರೀಲಾಗಿ ಇದನ್ನು ಹೇಳಲು ನನಗೆ ಮನಸ್ಸಿಲ್ಲ. ಮೀನು ನಿಮ್ಮ ಕಡೆಗೇ ತಿರುಗಿ ಓಡಿ ಬಂದರೆ ಲೈನ್ ಬಿಗಿ ಇಡಲು ಇದರಿಂದ ಆಗುವುದಿಲ್ಲ. ಕುರುಡೆಯ ಬುದ್ಧಿಯೇ ಅದು. ಗಾಳ ಚುಚ್ಚಿದ ಕೂಡಲೇ ನೀರಿನಿಂದ ಮೇಲೆ ಹಾರಿ ತಲೆ ಕೊಡವುತ್ತದೆ. ಆ ಹೊತ್ತಿಗೆ ಲೈನ್ ಸಡಿಲ ಇದ್ದರೆ ಗಾಳ ಕಳಚಿಕೊಳ್ಳುತ್ತದೆ.

ನಡುವಿನದು 5.0ರಿಂದ 5.7, ಸುತ್ತಿಗೆ ಸಾಮಾನ್ಯವಾಗಿ 75ರಿಂದ 90 ಸೆಂ.ಮೀ. ಅಳಿವೆಯ ಒಳಭಾಗಕ್ಕೆ, ಕಾಂಡ್ಲಾ ಅಂಚಿಗೆ, ಸೇತುವೆ ಕಂಬದ ನೆರಳಿಗೆ ಇದು ಹೇಳಿ ಮಾಡಿಸಿದ್ದು. ಮಿನ್ನೋ (ಚಿಕ್ಕ ಮೀನಿನ ಆಕಾರದ ಲೂರ್) ಎರಡು ಸುತ್ತು ಎಳೆದು ನಿಲ್ಲಿಸುವುದು, ಮತ್ತೆ ಎರಡು ಸುತ್ತು. ರಬ್ಬರ್ ಮೀನನ್ನು ತಳದಲ್ಲಿ ಕುಪ್ಪಳಿಸುವುದು. ಇಂಥ ಆಟದಲ್ಲಿ ಕೈ ತಾನಾಗಿ ಒಂದು ಲಯಕ್ಕೆ ಬೀಳುತ್ತದೆ. ವೇಗದ ರೀಲಿನಲ್ಲಿ ಅದೇ ಕೈ ಅದೇ ಲಯದಲ್ಲಿ ತಿರುಗಿದರೆ ಲೂರ್ ಬೇಕಾದ್ದಕ್ಕಿಂತ ಮುಂದೆ ಓಡಿರುತ್ತದೆ. "ವೇಗದ ರೀಲನ್ನು ನಿಧಾನವಾಗಿ ತಿರುಗಿಸಿದರಾಯಿತು" ಅನ್ನುವವರ ಮಾತು ಸುಳ್ಳಲ್ಲ. ಆದರೆ ಒಂದು ಮೀನು ತಪ್ಪಿದ ಮೇಲೆ, ಕೈ ಬಿಸಿಯಾದ ಮೇಲೆ, ನಿಧಾನ ಮಾಡಬೇಕು ಅನ್ನುವುದು ಎಷ್ಟು ಜನರಿಗೆ ನೆನಪಿರುತ್ತದೆ? ಹೊಸಬರಿಗಂತೂ ನಡುವಿನ ರೀಲ್ ತಾನೇ ಪಾಠ ಕಲಿಸುತ್ತದೆ. ಮಳೆಗಾಲದಲ್ಲಿ ನದಿಗಳು ಕೆಂಪಗೆ ಹರಿಯುವಾಗ ಮೀನಿಗೆ ಲೂರ್ ಕಾಣಿಸಲು ಹೊತ್ತು ಬೇಕು, ಆಗಲೂ ನಿಧಾನವೇ ಸರಿ. ಕೆಂಬೇರಿ ಮೀನು ಮಾತ್ರ ಇಲ್ಲಿ ಬೇರೆ. ಅದು ಕಚ್ಚಿದ ಕೂಡಲೇ ಬೇರು, ಕಲ್ಲಿನ ಸಂದಿಗೆ ನುಗ್ಗುತ್ತದೆ. ಮೊದಲ ಎರಡು ಸೆಕೆಂಡ್ ತಡೆದು ನಿಲ್ಲಿಸಲು ಬೇಕಾಗಿರುವುದು ವೇಗಕ್ಕಿಂತ ಬಿಗಿಯಾದ ಡ್ರ್ಯಾಗ್ (ಮೀನು ಎಳೆದಾಗ ಲೈನ್ ತಡೆಯುವ ಬ್ರೇಕ್) ಮತ್ತು ಬಲ. ನಡುವಿನ ಗೇರ್ ಅದಕ್ಕೂ ಆಗುತ್ತದೆ.

ವೇಗದ್ದು 6.0ಕ್ಕಿಂತ ಮೇಲೆ, ಸುತ್ತಿಗೆ 90 ಸೆಂ.ಮೀ. ದಾಟಿದ್ದು. ಬಂಡೆ, ಬ್ರೇಕ್‌ವಾಟರ್ (ಅಲೆ ತಡೆಯುವ ಕಲ್ಲಿನ ಕಟ್ಟೆ), ಅಳಿವೆ ಬಾಯಿ, ತೆರೆದ ಕಡಲು ಇದರ ಜಾಗ. ಇಸ್ವಾಣ, ಕ್ವೀನ್‌ಫಿಶ್, ಬರಾಕುಡ, ಕೊಕ್ಕರ, ಇವೆಲ್ಲ ಓಡುವ ತಿನಿಸನ್ನು ಬೆನ್ನಟ್ಟಿ ಹಿಡಿಯುವ ಮೀನುಗಳು. ತಾರ್ಲೆ, ಬಂಗಡೆ ಗುಂಪು ದಡದ ಹತ್ತಿರ ಬಂದಾಗ ಹಿಂದೆ ಇವು ಇದ್ದೇ ಇರುತ್ತವೆ. ಲೂರ್ ಮೆಲ್ಲಗೆ ಬಂದರೆ ಹತ್ತಿರ ಬಂದು ನೋಡಿ ತಿರುಗಿಬಿಡುತ್ತವೆ. ಜೋರಾಗಿ ಓಡಿದರೆ ಯೋಚಿಸಲು ಹೊತ್ತಿಲ್ಲದೆ ಬಾಯಿ ಹಾಕುತ್ತವೆ. ಸೆಕೆಂಡಿಗೆ ಎರಡು ಸುತ್ತು ಅಂದರೆ ಕೈಗೆ ಸಾಕಷ್ಟು ಜೋರು. 94 ಸೆಂ.ಮೀ. ರೀಲಿನಲ್ಲಿ ಅದು ಗಂಟೆಗೆ ಸುಮಾರು 6.8 ಕಿ.ಮೀ., 75 ಸೆಂ.ಮೀ. ರೀಲಿನಲ್ಲಿ 5.4 ಕಿ.ಮೀ. ಎಷ್ಟೇ ತಿರುಗಿಸಿದರೂ ಲೂರ್ ಇಸ್ವಾಣದಿಂದ ತಪ್ಪಿಸಿಕೊಳ್ಳುವಷ್ಟು ವೇಗ ಮನುಷ್ಯನ ಕೈಯಿಂದ ಬರುವುದಿಲ್ಲ. ಹಾಗಾಗಿ ಆ ಮೀನಿಗೆ ಜಿಗ್ ಎಸೆಯುವಾಗ ಅತಿಯಾಯಿತೇನೋ ಅನ್ನುವ ಹೆದರಿಕೆ ಬೇಡ.

ಪಾಪರ್ (ನೀರಿನ ಮೇಲೆ ತೇಲುವ ಲೂರ್) ಹಾಕುವವರಿಗೆ ಇನ್ನೊಂದು ಲಾಭ. ರಾಡ್ ಜಗ್ಗಿದಾಗ ಪಾಪರ್ ನೀರು ಉಗುಳುತ್ತದೆ, ರಾಡ್ ಮುಂದೆ ಬಂದಾಗ ಲೈನ್ ಜೋಲುತ್ತದೆ. ಆ ಜೋಲನ್ನು ಒಂದೇ ಸುತ್ತಿನಲ್ಲಿ ತೆಗೆಯಬಹುದಾದರೆ ಮುಂದಿನ ಜಗ್ಗು ಸರಿಯಾಗಿ ಬೀಳುತ್ತದೆ. ಕೊಕ್ಕರ ಹೊಡೆಯುವುದು ಹೆಚ್ಚಾಗಿ ಪಾಪರ್ ನಿಂತಾಗ, ಅಂದರೆ ಲೈನ್ ಜೋಲುವ ಹೊತ್ತಿಗೇ.

ತಿನಿಸು ಕಟ್ಟಿ ಬಂಡೆಯಿಂದ ಹಿಡಿಯುವವರು ವೇಗ ತಮಗೆ ಸಂಬಂಧ ಇಲ್ಲ ಅಂದುಕೊಳ್ಳುತ್ತಾರೆ. ಸಂಬಂಧ ಇದೆ. ಸೀಸದ ಗುಂಡು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುವುದು ವಾಪಸ್ ಎಳೆಯುವಾಗ. ರಾಡ್ ಎತ್ತಿ ಜೋರಾಗಿ ಸುತ್ತಿದರೆ ಗುಂಡು ತಳ ಬಿಟ್ಟು ಮೇಲೇಳುತ್ತದೆ, ಕಲ್ಲಿನ ಮೇಲಿಂದಲೇ ಬರುತ್ತದೆ. ನಿಧಾನವಾಗಿ ಎಳೆದರೆ ಪ್ರತಿ ಕಲ್ಲಿಗೂ ತಾಗುತ್ತಾ ಬರುತ್ತದೆ. ಸೀಸ, ಗಾಳ, ಲೀಡರ್ (ಗಾಳಕ್ಕೆ ಕಟ್ಟುವ ತುದಿಯ ಲೈನ್), ಒಂದೊಂದು ಸಲ ಹೋದಾಗಲೂ ದುಡ್ಡೇ. ಮರಳಿನ ದಂಡೆಯಲ್ಲಿ ನೊಗಲಿ ಮೀನಿಗಾಗಿ ಸಿಗಡಿ ಕಟ್ಟಿ ಕೂರುವವರಿಗೆ ಮಾತ್ರ ನಿಜವಾಗಿಯೂ ಯಾವ ವೇಗವಾದರೂ ನಡೆಯುತ್ತದೆ.

ವೇಗದ ರೀಲಿನ ಕಷ್ಟವನ್ನೂ ಹೇಳಬೇಕು. ಕೈ ಬೇಗ ಸೋಲುತ್ತದೆ. ಗೇರಿನ ಮೇಲೆ ಹೊರೆ ಜಾಸ್ತಿ. ರೋಟರ್ ಜೋರಾಗಿ ತಿರುಗುವುದರಿಂದ ತಯಾರಿಕೆಯಲ್ಲಿ ಒಂದಿಷ್ಟು ಓರೆಕೋರೆ ಇದ್ದರೂ ಕೈಗೆ ನಡುಕ ಬರುತ್ತದೆ. ಲೈನ್ ಸಡಿಲ ಇದ್ದಾಗಲೇ ಜೋರಾಗಿ ಸುತ್ತಿದರೆ ಬ್ರೇಡ್ ಸ್ಪೂಲಿನ ಮೇಲೆ ಸಡಿಲವಾಗಿ ಕೂತು, ಮುಂದಿನ ಬೀಸಿಗೆ ಗಂಟು ಗಂಟಾಗಿ ಹೊರಬರುತ್ತದೆ. ಎರಡು ಬೆರಳಿನ ನಡುವೆ ಲೈನ್ ಹಿಡಿದು ಬಿಗಿ ಕೊಟ್ಟು ಸುತ್ತುವ ಅಭ್ಯಾಸ ಮಾಡಿಕೊಳ್ಳಿ.

ಶಿರಸಿ, ಸಿದ್ದಾಪುರ ಕಡೆ ಕೆರೆಗಳಲ್ಲಿ ರಬ್ಬರ್ ಕಪ್ಪೆ ಹಾಕಿ ಕೊರವ ಮೀನು ಹಿಡಿಯುವವರ ಅಗತ್ಯ ಇದರ ಜೊತೆ ಸೇರಿಸಿ ನೋಡಬಹುದು. ಕಪ್ಪೆಯನ್ನು ಮೆಲ್ಲಗೇ ತರಬೇಕು. ಆದರೆ ಕಚ್ಚಿದ ಮೇಲೆ ಕಳೆಯ ಒಳಗೆ ಹೋಗಲು ಬಿಡದೆ ಎಳೆದುಬಿಡಬೇಕು. ನಡುವಿನದರಲ್ಲಿ ಮೇಲಿನ ತುದಿ, 5.5 ಆಸುಪಾಸು, ಅವರಿಗೆ ಸಾಕು.

ದುಡ್ಡು ಎಷ್ಟಿದೆ ಅನ್ನುವುದರ ಮೇಲೆ

ಕೈಲಿ ಎರಡು ಸಾವಿರದ ಆಸುಪಾಸು ಇದ್ದರೆ 6ರ ಮೇಲಿನ ಅನುಪಾತದ ಆಸೆ ಬಿಡಿ. ಈ ಬೆಲೆಯಲ್ಲಿ ಗೇರುಗಳು ಸಾಮಾನ್ಯವಾಗಿ ಅಚ್ಚಿನಲ್ಲಿ ಎರಕ ಹೊಯ್ದ ಮೆತ್ತಗಿನ ಲೋಹದವು. ವೇಗದ ಗೇರಿನ ಹೊರೆ ತಡೆದು ಎರಡು ಹಂಗಾಮು ಬಾಳುವುದು ಕಷ್ಟ. ಅದೇ ದುಡ್ಡಿಗೆ 5.0-5.2 ಅನುಪಾತದ 4000 ಸೈಜಿನ ರೀಲ್ ತಗೊಳ್ಳಿ. ಸ್ಪೂಲ್ ದೊಡ್ಡದಿರುವುದರಿಂದ ಸುತ್ತಿಗೆ 80 ಸೆಂ.ಮೀ. ಹತ್ತಿರ ಸಿಗುತ್ತದೆ, ಗೇರಿಗೂ ಹೊರೆ ಕಡಿಮೆ. ಅನುಪಾತದಿಂದ ಸಿಗದ ವೇಗವನ್ನು ಸ್ಪೂಲಿನಿಂದ ಪಡೆಯುವ ಈ ದಾರಿ ಕಡಿಮೆ ಬಜೆಟ್ಟಿನವರಿಗೆ ಬಹಳ ಉಪಯೋಗದ್ದು. ತೂಕ ಸ್ವಲ್ಪ ಜಾಸ್ತಿ ಆಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಐದಾರು ಸಾವಿರ ಇದ್ದರೆ ಆಯ್ಕೆ ನಿಮ್ಮ ಜಾಗದ ಮೇಲೆ. ವಾರದಲ್ಲಿ ಹೆಚ್ಚು ದಿನ ಹೋಗುವುದು ಎಲ್ಲಿಗೆ? ಸದಾಶಿವಗಡದ ಕಡೆಯ ಹಿನ್ನೀರಿಗಾ, ಹೊನ್ನಾವರದ ಕೋಡಿಗಳಿಗಾ, ಹಾಗಾದರೆ ನಡುವಿನದು. ಬಂಡೆಗಳಿಗೆ, ಅಳಿವೆ ಬಾಯಿಗೆ ಅಂತಾದರೆ ವೇಗದ್ದು. ಯಾವಾಗಲೋ ಒಮ್ಮೆ ಹೋಗುವ ಜಾಗಕ್ಕಾಗಿ ರೀಲ್ ಕೊಳ್ಳಬೇಡಿ.

ಹತ್ತು ಸಾವಿರ ದಾಟಿದವರಲ್ಲಿ ಒಂದು ಗೊಂದಲ ಇರುತ್ತದೆ. ಒಂದೇ ಒಳ್ಳೆಯ ರೀಲಾ, ಅಥವಾ ಅದೇ ದುಡ್ಡಿಗೆ ನಿಧಾನದ್ದೊಂದು ವೇಗದ್ದೊಂದು ಅಂತ ಎರಡು ಸಾಧಾರಣ ರೀಲಾ? ನಾನಾದರೆ ಒಂದೇ ತಗೊಳ್ಳುತ್ತೇನೆ. ನಮ್ಮ ಉಪ್ಪುನೀರು, ಮರಳು ಎರಡನ್ನೂ ತಡೆಯುವ ಸೀಲ್ ಇರುವ ರೀಲ್ ಈ ಬೆಲೆಯಿಂದ ಮೇಲೇ ಸಿಗುವುದು ಹೆಚ್ಚು. ಸುತ್ತಿಗೆ 90ರಿಂದ 100 ಸೆಂ.ಮೀ. ತರುವ, ಉದ್ದ ಹ್ಯಾಂಡಲಿನ 4000 ಸೈಜ್ ಒಂದಿದ್ದರೆ ಬಂಡೆಗೂ ಅಳಿವೆಗೂ ಆಗುತ್ತದೆ. ಈ ಹಂತಕ್ಕೆ ಬಂದವರಿಗೆ ಕೈ ನಿಧಾನ ಮಾಡುವ ಅಭ್ಯಾಸವೂ ಆಗಿರುತ್ತದೆ. ಇನ್ನೊಂದು ಸ್ಪೂಲ್ ಕೊಂಡು ಅದರಲ್ಲಿ ಬೇರೆ ದಪ್ಪದ ಲೈನ್ ಇಟ್ಟುಕೊಳ್ಳಬಹುದು. ಆದರೆ ಸ್ಪೂಲ್ ಬದಲಿಸಿದರೆ ಗೇರ್ ಬದಲಾಗುವುದಿಲ್ಲ ಅನ್ನುವುದು ನೆನಪಿರಲಿ.

ಮನೆಯ ಹಿರಿಯರಿಗೆ, ಕೈಗಂಟು ನೋವು ಇರುವವರಿಗೆ, ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಕೊಡುವ ರೀಲಾದರೆ ಮೇಲಿನ ಯಾವ ಲೆಕ್ಕವೂ ಬೇಡ. ಅನುಪಾತ 5ರ ಹತ್ತಿರ, ದಪ್ಪ ಗುಬ್ಬಿ, 2500 ಸೈಜ್. ದೋಣಿ ನಿಲ್ಲುವ ಧಕ್ಕೆ ಮೇಲೆ ಕೂತು ಹಿಡಿಯಲು ಅದೇ ಸುಖ.

ಅಂಗಡಿಯಲ್ಲಿ ನಿಂತು ನೋಡುವುದು

ಡಬ್ಬಿ ಮೇಲೆ ಸೆಂ.ಮೀ. ಅಥವಾ ಇಂಚಿನ ಲೆಕ್ಕ ಇದ್ದರೆ ಸರಿ. ಇಂಚಾದರೆ 2.54ರಿಂದ ಗುಣಿಸಿ. ಇಲ್ಲದಿದ್ದರೆ ಒಂದು ದಾರ ತಗೊಂಡು ಸ್ಪೂಲಿನ ಅಂಚಿಗಿಂತ ಸ್ವಲ್ಪ ಒಳಗೆ, ಲೈನ್ ತುಂಬಿದಾಗ ಎಲ್ಲಿವರೆಗೆ ಬರುತ್ತದೋ ಆ ಮಟ್ಟದ ಸುತ್ತಳತೆ ಅಳೆಯಿರಿ. ಅನುಪಾತದಿಂದ ಗುಣಿಸಿದರೆ ಸುತ್ತಿಗೆ ಬರುವ ಲೈನ್ ಸಿಕ್ಕಿತು. ಅನುಪಾತದ ಬಗ್ಗೆಯೇ ಅನುಮಾನವಿದ್ದರೆ, ಹೆಸರು ಗೊತ್ತಿಲ್ಲದ ರೀಲುಗಳಲ್ಲಿ ಇರಲೇಬೇಕು, ಬೈಲಿನ (ಲೈನ್ ಹಿಡಿದು ಸುತ್ತುವ ತಂತಿ) ಒಂದು ತುದಿಗೆ ಬಣ್ಣದ ಟೇಪ್ ಅಂಟಿಸಿ ಹ್ಯಾಂಡಲ್ ನಿಧಾನವಾಗಿ ಹತ್ತು ಸುತ್ತು ತಿರುಗಿಸಿ. ಟೇಪ್ 52 ಸಲ ಮೇಲೆ ಬಂದರೆ 5.2:1. ಅದೇ ರೀಲಿನ ಡಬ್ಬಿ ಮೇಲೆ 6.2 ಅಂತ ಬರೆದಿದ್ದರೆ ಡಬ್ಬಿ ವಾಪಸ್ ಇಡಿ.

ಆಮೇಲೆ ಹ್ಯಾಂಡಲನ್ನು ಸೆಕೆಂಡಿಗೆ ಎರಡು ಸುತ್ತಿನಷ್ಟು ಜೋರಾಗಿ ತಿರುಗಿಸಿ ರೀಲಿನ ಮೈ ಹಿಡಿದು ನೋಡಿ. ಮೆಲ್ಲಗೆ ತಿರುಗಿಸಿದಾಗ ಎಲ್ಲ ರೀಲೂ ಬೆಣ್ಣೆಯಂತಿರುತ್ತವೆ, ನಡುಕ ಗೊತ್ತಾಗುವುದು ಜೋರಿನಲ್ಲೇ. ಕೊನೆಗೆ ಡ್ರ್ಯಾಗ್ ಬಿಗಿ ಮಾಡಿ, ಲೈನ್ ತುದಿಯನ್ನು ಅಂಗಡಿಯವರ ಕೈಗೆ ಕೊಟ್ಟು ಹಿಡಿಯಲು ಹೇಳಿ, ನೀವು ಹ್ಯಾಂಡಲ್ ತಿರುಗಿಸಿ. ಖಾಲಿ ರೀಲಿನಲ್ಲಿ ಗೊತ್ತಾಗದ ಭಾರ ಆಗ ಕೈಗೆ ಸಿಗುತ್ತದೆ. ವೇಗದ್ದು, ನಡುವಿನದು ಎರಡನ್ನೂ ಹೀಗೆ ಒಂದಾದ ಮೇಲೊಂದು ಹಿಡಿದು ನೋಡಿದ ಮೇಲೆಯೇ ದುಡ್ಡು ಕೊಡಿ.